ಉಪಗ್ರಹ ದೂರದರ್ಶನ ಗ್ರಾಹಕಯಂತ್ರದ ಗಡಿಯಾರ: ಅದರ ದೋಷಗಳ ವಿವೇಚನೆ

ಮನೆಯ ಮಾಡಿನ ಮೇಲೆ ತಟ್ಟೆಯಾಕಾರದ ಆಂಟೆನಾ, ಒಳಗೆ ಜನರು ಸೆಟ್‌ಟಾಪ್ ಬಾಕ್ಸ್ ಎಂದು ಕರೆಯುವ ಗ್ರಾಹಕಯಂತ್ರ, ಇವು ಈಗ ಹಳ್ಳಿಹಳ್ಳಿಗಳಲ್ಲಿಯೂ ಕಾಣಬರುವ ವಸ್ತುಗಳು. ಈ ಯಂತ್ರದ ಮುಖದ ಮೇಲೋ ದೂರದರ್ಶನದ ತೆರೆಯ ಮೂಲೆಯಲ್ಲೋ ವೇಳೆಯನ್ನು ತೋರಿಸುವ ಅಂಕೆಗಳಿರುತ್ತವೆ. ಆ ಗಡಿಯಾರಕ್ಕೆ ಯಾರೂ ಕೀಲಿ ಕೊಡುವುದಿಲ್ಲ. ಯಾರೂ ಅದರ ಮುಳ್ಳನ್ನು ತಿರುಗಿಸಿ ಸರಿಪಡಿಸುವುದಿಲ್ಲ. ಆಕಾಶದಿಂದ ಇಳಿದುಬರುವ ವೇಳೆಯಾದುದರಿಂದ ಅದು ತಪ್ಪಾಗಿರಲಾರದೆಂಬುದು ಸಾಮಾನ್ಯರ ನಂಬಿಕೆ. ಆದರೆ ಈ ಯಂತ್ರಗಳನ್ನು ಬಳಸಿದವರಲ್ಲಿ ಅನೇಕರಿಗೆ ಇದಕ್ಕೆ ವಿರುದ್ಧವಾದ ಅನುಭವವೂ ಉಂಟು. ಗಡಿಯಾರ ಕೆಲವು ಸೆಕೆಂಡು ಹಿಂದಿರುವುದು, ಕೆಲವು ನಿಮಿಷ ಮುಂದಿರುವುದು, ಒಂದು ವಾಹಿನಿಯಿಂದ ಇನ್ನೊಂದಕ್ಕೆ ಹೋದೊಡನೆ ಬೇರೆ ವೇಳೆಗೆ ಹಾರುವುದು, ಇವೆಲ್ಲವೂ ಕಂಡುಬಂದಿರುವ ಸಂಗತಿಗಳೇ. ಇಷ್ಟು ಸೂಕ್ಷ್ಮವಾದ ಯಂತ್ರದಲ್ಲಿ, ಒಂದು ಸಾಧಾರಣ ಕೈಗಡಿಯಾರದಲ್ಲಿಯೂ ಕಾಣದಷ್ಟು ತಪ್ಪು ಹೇಗೆ ಸೇರುತ್ತದೆ? ಅದರ ಮೂಲಗಳಾವುವು, ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ನಡಿಗೆ ಮತ್ತು ಹೊತ್ತು

ಯಾವುದೇ ಗಡಿಯಾರದಲ್ಲಿ ಎರಡು ಗುಣಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಒಂದು, ಅದರ ನಡಿಗೆ. ಎಂದರೆ, ಒಂದು ಸೆಕೆಂಡೆಂದು ಅದು ಎಣಿಸುವ ಅವಧಿ ನಿಜವಾಗಿಯೂ ಒಂದು ಸೆಕೆಂಡಿಗೆ ಸಮನಾಗಿದೆಯೆ ಎಂಬುದು. ಎರಡು, ಅದು ತೋರಿಸುವ ಹೊತ್ತು. ಎಂದರೆ, ಎಣಿಕೆ ಯಾವ ಕ್ಷಣದಿಂದ ಮೊದಲಾಯಿತು ಎಂಬುದು. ನಡಿಗೆ ಸರಿಯಾಗಿದ್ದು ಹೊತ್ತು ತಪ್ಪಾಗಿರಬಹುದು. ಐದು ನಿಮಿಷ ಮುಂದಿಟ್ಟ ಒಳ್ಳೆಯ ಗಡಿಯಾರ ಎಷ್ಟು ಚೆನ್ನಾಗಿ ನಡೆದರೂ ಎಂದೆಂದಿಗೂ ಐದು ನಿಮಿಷ ಮುಂದೆಯೇ ಇರುವುದಷ್ಟೆ.

ಗ್ರಾಹಕಯಂತ್ರದಲ್ಲಿ ನಡಿಗೆಗೆ ಸಂಬಂಧಿಸಿದ ಏರ್ಪಾಡು ಬಹಳ ನಿಷ್ಕೃಷ್ಟವಾದುದು. ಸಂಖ್ಯಾರೂಪದ ಚಿತ್ರವನ್ನೂ ಧ್ವನಿಯನ್ನೂ ಬಿಡಿಸಿ ತೋರಿಸುವುದಕ್ಕೆ ಅದರೊಳಗೆ ಸೆಕೆಂಡಿಗೆ 2 ಕೋಟಿ 70 ಲಕ್ಷ ಸಲ, ಎಂದರೆ 27 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಮಿಡಿಯುವ ಆಂದೋಲಕವೊಂದಿದೆ. ಪ್ರಸಾರಕೇಂದ್ರದ ಸಂಕೇತಕ ಯಂತ್ರದಲ್ಲಿಯೂ ಇಂಥದೇ ಆಂದೋಲಕವಿರುತ್ತದೆ. ಎಂಪೆಗ್ ನಿಯಮದ ಪ್ರಕಾರ ಅದು ಹೆಚ್ಚೆಂದರೆ 810 ಹರ್ಟ್ಸ್, ಎಂದರೆ ಹತ್ತು ಲಕ್ಷಕ್ಕೆ 30 ಭಾಗದಷ್ಟು, ಮಾತ್ರ ತಪ್ಪಬಹುದು. ಪ್ರಸಾರದೊಡನೆಯೇ ಈ ಆಂದೋಲಕದ ಎಣಿಕೆಯನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಅಂತರ ಬೀಳದಂತೆ ಪದೇ ಪದೇ ಕಳುಹಿಸುತ್ತಾರೆ. ಗ್ರಾಹಕಯಂತ್ರವು ಆ ಎಣಿಕೆಯೊಡನೆ ತನ್ನದನ್ನು ಹೋಲಿಸಿ, ತನ್ನ ಆಂದೋಲಕವನ್ನು ತುಸು ಬೇಗವಾಗಿಯೋ ತುಸು ನಿಧಾನವಾಗಿಯೋ ನಡೆಯಿಸುತ್ತದೆ. ಹೀಗೆ ಮಾಡದಿದ್ದರೆ ಚಿತ್ರ ಆಗಾಗ್ಗೆ ತಡೆದು ನಿಲ್ಲುವುದು, ಇಲ್ಲವೆ ನಡುವೆ ಬಿಟ್ಟುಹೋಗುವುದು.

ಆದರೆ ಈ ಎಣಿಕೆಗೂ ಹೊತ್ತಿಗೂ ಯಾವ ಸಂಬಂಧವೂ ಇಲ್ಲವೆಂಬುದು ಗಮನಿಸತಕ್ಕ ಅಂಶ. ಅದರ ಮುಖ್ಯ ಭಾಗವು 33 ಬಿಟ್ಟುಗಳ ಒಂದು ಸಂಖ್ಯೆ. ಸೆಕೆಂಡಿಗೆ 90,000ದಂತೆ ಏರುತ್ತ, ಸುಮಾರು ಇಪ್ಪತ್ತಾರೂವರೆ ಘಂಟೆಗಳಲ್ಲಿ ತುಂಬಿ, ಮತ್ತೆ ಸೊನ್ನೆಗೆ ಬರುತ್ತದೆ. ಅದರ ಸೊನ್ನೆ ಮಧ್ಯರಾತ್ರಿಯೂ ಅಲ್ಲ, ಮಧ್ಯಾಹ್ನವೂ ಅಲ್ಲ. ತಾಳವನ್ನು ಚ್ಯುತಿಯಿಲ್ಲದೆ ಹಾಕುವವನಿಗೆ ಈಗ ಎಷ್ಟು ಘಂಟೆಯೆಂಬುದು ತಿಳಿದಿರಲೇಬೇಕೆಂದಿಲ್ಲ. ಗ್ರಾಹಕಯಂತ್ರದ ಸ್ಥಿತಿಯೂ ಅದೇ: ನಡಿಗೆಯನ್ನು ಅದು ಒಂದು ದಾರಿಯಿಂದ ಪಡೆಯುತ್ತದೆ, ಹೊತ್ತನ್ನು ಬೇರೊಂದು ದಾರಿಯಿಂದ ಪಡೆಯುತ್ತದೆ. ದೋಷಗಳು ಹೆಚ್ಚಾಗಿ ಎರಡನೆಯ ದಾರಿಯಲ್ಲಿ ಬರುತ್ತವೆ.

2. ಹೊತ್ತನ್ನು ಹೇಳುವ ಕೋಷ್ಟಕ

1993ರಲ್ಲಿ ಯೂರೋಪಿನಲ್ಲಿ ರೂಪುಗೊಂಡ ಡಿವಿಬಿ ಎಂಬ ಸಂಘಟನೆಯು ಸಂಖ್ಯಾರೂಪದ ದೂರದರ್ಶನಕ್ಕೆ ನಿಯಮಗಳನ್ನು ರಚಿಸಿತು. ನಮ್ಮ ದೇಶದ ಉಪಗ್ರಹ ದೂರದರ್ಶನ ಸೇವೆಗಳೂ ಈ ಪದ್ಧತಿಯನ್ನೇ ಅನುಸರಿಸಿವೆ. ಇದರಲ್ಲಿ ಚಿತ್ರ ಮತ್ತು ಧ್ವನಿಗಳ ಜೊತೆಗೆ ಹಲವು ಕೋಷ್ಟಕಗಳನ್ನು ಕಳುಹಿಸುತ್ತಾರೆ. ಅವುಗಳಲ್ಲಿ ಕಾಲ ಮತ್ತು ದಿನಾಂಕದ ಕೋಷ್ಟಕವೊಂದುಂಟು; ಅದನ್ನು ಮುಂದೆ ಕಾಲಕೋಷ್ಟಕವೆಂದು ಕರೆಯೋಣ. ಅದರ ಗಾತ್ರ ಎಂಟೇ ಬೈಟುಗಳು. ಮೊದಲ ಮೂರು ತಲೆಬರಹಕ್ಕೆ ಸಲ್ಲುತ್ತವೆ. ಉಳಿದ ಐದರಲ್ಲಿ ದಿನವೂ ವೇಳೆಯೂ ಅಡಗಿವೆ. ಇದನ್ನು 30 ಸೆಕೆಂಡಿಗೆ ಒಂದು ಸಲವಾದರೂ ಕಳುಹಿಸಬೇಕೆಂಬುದು ವಿಧಿ.

ದಿನವನ್ನು ಬರೆಯುವ ಕ್ರಮ ಸ್ವಾರಸ್ಯವಾದುದು. ಇಲ್ಲಿ ತಿಂಗಳೂ ಇಲ್ಲ, ವರ್ಷವೂ ಇಲ್ಲ. ದಿನಗಳ ಎಣಿಕೆ ಮಾತ್ರ ಇದೆ. 1858ನೆಯ ನವೆಂಬರು 17ರ ಮಧ್ಯರಾತ್ರಿಯಿಂದ ಎಷ್ಟು ದಿನ ಕಳೆದಿವೆಯೆಂಬುದೇ ಆ ಸಂಖ್ಯೆ. ಇದಕ್ಕೆ ಪರಿಷ್ಕೃತ ಜೂಲಿಯನ್ ದಿನಸಂಖ್ಯೆಯೆಂದು ಹೆಸರು. ಕೃತಕ ಉಪಗ್ರಹಗಳನ್ನು ಅನುಸರಿಸಿ ನೋಡುವ ಕಾರ್ಯದಲ್ಲಿ, 1957ರಲ್ಲಿ, ಅಮೆರಿಕದ ಸ್ಮಿತ್‌ಸೋನಿಯನ್ ಖಗೋಲ ವೀಕ್ಷಣಾಲಯದವರು ಇದನ್ನು ಬಳಕೆಗೆ ತಂದರು. ನಮ್ಮ ಸಿದ್ಧಾಂತ ಜ್ಯೋತಿಷದಲ್ಲಿ ಅಹರ್ಗಣವೆಂಬುದು ಇದೇ ಬಗೆಯ ಲೆಕ್ಕವೆಂದು ವಾಚಕರಿಗೆ ಹೊಳೆದಿರಬಹುದು. ಕಲಿಯುಗಾದಿಯನ್ನು ಕ್ರಿಸ್ತಪೂರ್ವ 3102ನೆಯ ಫೆಬ್ರವರಿ 18ರ ಮಧ್ಯರಾತ್ರಿಯೆಂದು ಇಟ್ಟುಕೊಂಡರೆ, ದೂರದರ್ಶನದ ದಿನಸಂಖ್ಯೆಗೆ 18,11,535ನ್ನು ಕೂಡಿದಾಗ ಕಲ್ಯಹರ್ಗಣ ದೊರೆಯುತ್ತದೆ. ಉದಾಹರಣೆಗೆ, 1947ನೆಯ ಆಗಸ್ಟ್ 15ರ ದಿನಸಂಖ್ಯೆ 32,412. ಆ ದಿನದ ಕಲ್ಯಹರ್ಗಣ 18,43,947. ಪಂಚಾಂಗಕರ್ತನ ಉಪಾಯವೇ ಈ ಪೆಟ್ಟಿಗೆಯಲ್ಲಿಯೂ ಕೆಲಸ ಮಾಡುತ್ತಿದೆಯೆಂದರೆ ತಪ್ಪಾಗಲಾರದು.

ನಿಯಮಗ್ರಂಥದಲ್ಲಿ ಕೊಟ್ಟಿರುವ ಉದಾಹರಣೆಯನ್ನೇ ಬಿಡಿಸಿ ನೋಡೋಣ. ಕೋಷ್ಟಕದ ಐದು ಬೈಟುಗಳನ್ನು ಹದಿನಾರರ ಮೂಲದ ಸಂಖ್ಯಾಕ್ರಮದಲ್ಲಿ ಬರೆದಾಗ ‘ಸಿ0 79 12 45 00’ ಎಂದು ಬರುತ್ತದೆ. ಇಲ್ಲಿ ‘ಸಿ’ ಎಂಬುದು ಹನ್ನೆರಡನ್ನು ಸೂಚಿಸುವ ಅಂಕೆ. ಮೊದಲ ಎರಡು ಬೈಟುಗಳ ಬೆಲೆ 12 × 4096 + 0 × 256 + 7 × 16 + 9, ಎಂದರೆ 49,273. ಈ ದಿನಸಂಖ್ಯೆಗೆ ಸರಿಹೊಂದುವ ದಿನಾಂಕ 1993ನೆಯ ಅಕ್ಟೋಬರು 13. ಉಳಿದ ಮೂರು ಬೈಟುಗಳನ್ನು ಇದ್ದಂತೆಯೇ ಓದಬಹುದು: 12 ಘಂಟೆ 45 ನಿಮಿಷ 00 ಸೆಕೆಂಡು. ಇದು ವಿಶ್ವಕಾಲ. ಭಾರತೀಯ ಪ್ರಮಾಣಕಾಲವು 1906ನೆಯ ಜನವರಿ 1ರಿಂದ ಬಳಕೆಗೆ ಬಂದದ್ದು. ಅದು ಗ್ರೀನ್‌ವಿಚ್ಚಿಗಿಂತ ಐದೂವರೆ ಘಂಟೆ ಮುಂದಿದೆ. ಆದುದರಿಂದ ಆ ಕ್ಷಣದಲ್ಲಿ ನಮ್ಮಲ್ಲಿ ಸಂಜೆ 6 ಘಂಟೆ 15 ನಿಮಿಷವಾಗಿತ್ತು.

ಒಂದು ಉಪಗ್ರಹದ ಬೆಳಕು ಹಲವು ದೇಶಗಳ ಮೇಲೆ ಬೀಳುವುದರಿಂದ ಕಾಲಕೋಷ್ಟಕದಲ್ಲಿ ವಿಶ್ವಕಾಲವನ್ನು ಮಾತ್ರ ಬರೆಯುತ್ತಾರೆ. ಸ್ಥಳೀಯ ಕಾಲಕ್ಕೆ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂಬುದಕ್ಕೆ ಇನ್ನೊಂದು ಕೋಷ್ಟಕವಿದೆ. ಅದರಲ್ಲಿ ದೇಶದ ಸಂಕೇತ, ಕಾಲಾಂತರ, ಬೇಸಗೆಯ ಕಾಲಕ್ಕೆ ಬದಲಾಗುವ ದೇಶಗಳಾದರೆ ಬದಲಾಗುವ ದಿನ, ಇಷ್ಟೂ ಇರುತ್ತವೆ. ಈ ಕೋಷ್ಟಕ ಬರದಿದ್ದರೆ, ಯಂತ್ರದೊಳಗೆ ಮೊದಲೇ ನೆಲೆಗೊಳಿಸಿದ ಅಂತರವನ್ನೋ ಬಳಸುವವರು ಆರಿಸಿದ ಅಂತರವನ್ನೋ ಯಂತ್ರವು ಕೂಡಿಕೊಳ್ಳುತ್ತದೆ.

ದಿನಸಂಖ್ಯೆಗೆ ಮೀಸಲಾದ ಸ್ಥಳ 16 ಬಿಟ್ಟುಗಳು ಮಾತ್ರ. ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 65,535. ಅದು 2038ನೆಯ ಏಪ್ರಿಲ್ 22ರಂದು ಬರುತ್ತದೆ. ಮರುದಿನ ಎಣಿಕೆ ಸೊನ್ನೆಗೆ ಇಳಿಯುವುದರಿಂದ, ಮುನ್ನೆಚ್ಚರಿಕೆ ವಹಿಸದೆ ರಚಿಸಿದ ಯಂತ್ರಗಳು ಅಂದು 1858ನೆಯ ಇಸವಿಯನ್ನು ತೋರಿಸಿದರೆ ಆಶ್ಚರ್ಯವಿಲ್ಲ.

3. ದೂರದಿಂದ ಆಗುವ ವಿಳಂಬ

ಗಡಿಯಾರ ತಪ್ಪುವುದಕ್ಕೆ ಉಪಗ್ರಹದ ದೂರವೇ ಕಾರಣವೆಂದು ಮೊದಲು ತೋರುವುದು ಸಹಜ. ಆ ಸಂದೇಹವನ್ನು ಲೆಕ್ಕದಿಂದಲೇ ಪರಿಹರಿಸಬಹುದು. ಭೂಸ್ಥಿರ ಉಪಗ್ರಹಗಳು ಸಮಭಾಜಕವೃತ್ತದ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿರುತ್ತವೆ. 93.5 ಅಂಶ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹವೊಂದಕ್ಕೆ ದೆಹಲಿಯಿಂದ ಸಂಕೇತ ಏರಿ ಅಲ್ಲಿಂದ ಬೆಂಗಳೂರಿಗೆ ಇಳಿಯುವುದೆಂದು ಇಟ್ಟುಕೊಳ್ಳೋಣ. ದೆಹಲಿಯಿಂದ ಆ ಉಪಗ್ರಹಕ್ಕೆ ಸುಮಾರು 36,950 ಕಿಲೋಮೀಟರು; ಅಲ್ಲಿಂದ ಬೆಂಗಳೂರಿಗೆ ಸುಮಾರು 36,250 ಕಿಲೋಮೀಟರು. ಒಟ್ಟು 73,200 ಕಿಲೋಮೀಟರನ್ನು ಬೆಳಕಿನ ವೇಗದಲ್ಲಿ ದಾಟಲು ಬೇಕಾಗುವುದು 0.24 ಸೆಕೆಂಡು, ಎಂದರೆ ಸರಿಸುಮಾರು ಕಾಲು ಸೆಕೆಂಡು. ನಿಮಿಷಗಟ್ಟಲೆಯ ದೋಷವನ್ನು ಇದರಿಂದ ವಿವರಿಸುವುದಕ್ಕೆ ಆಗುವುದಿಲ್ಲ.

ಚಿತ್ರಕ್ಕೂ ಧ್ವನಿಗೂ ಇದಕ್ಕಿಂತ ಹೆಚ್ಚಿನ ವಿಳಂಬವೊಂದಿದೆ. ಚಿತ್ರವನ್ನು ಸಂಕುಚಿತಗೊಳಿಸುವ ಯಂತ್ರವು ಮುಂದಿನ ಹಲವು ಚೌಕಟ್ಟುಗಳನ್ನು ನೋಡಿದ ಮೇಲೆಯೇ ಹಿಂದಿನದನ್ನು ಕಳುಹಿಸಬಲ್ಲದು. ಬಿಡಿಸುವ ಯಂತ್ರವೂ ಸ್ವಲ್ಪ ಸಂಗ್ರಹಿಸಿಕೊಂಡೇ ತೋರಿಸುತ್ತದೆ. ಇವೆಲ್ಲ ಸೇರಿ ಕೆಲವು ಸೆಕೆಂಡುಗಳಾಗುತ್ತವೆ. ಕ್ರಿಕೆಟ್ ಪಂದ್ಯ ನಡೆಯುತ್ತಿರುವಾಗ ಪಕ್ಕದ ಮನೆಯವರು ಕೇಕೆ ಹಾಕಿದ ಬಳಿಕ ನಮ್ಮ ಮನೆಯ ತೆರೆಯಲ್ಲಿ ಚೆಂಡು ಗೆರೆ ದಾಟುವುದನ್ನು ಎಷ್ಟೋ ಜನ ಕಂಡಿರಬೇಕು. ಎರಡು ಮನೆಗಳ ಸಂಕೇತಗಳು ಬೇರೆ ಬೇರೆ ದಾರಿಗಳಿಂದ ಬಂದುವೆಂಬುದೇ ಅದರ ಅರ್ಥ. ಬಿ.ಬಿ.ಸಿ.ಯು 1924ನೆಯ ಫೆಬ್ರವರಿ 5ರಿಂದ ಪ್ರಸಾರ ಮಾಡುತ್ತ ಬಂದಿರುವ ಗ್ರೀನ್‌ವಿಚ್ ಕಾಲದ ಆರು ‘ಪಿಪ್’ ಧ್ವನಿಗಳು ಕೂಡ ಸಂಖ್ಯಾರೂಪದ ರೇಡಿಯೋದಲ್ಲಿ ತಡವಾಗಿಯೇ ಕೇಳಿಸುತ್ತವೆ.

ಇಲ್ಲಿ ಎರಡು ಗಡಿಯಾರಗಳನ್ನು ಬೆರೆಸಬಾರದು. ವಾರ್ತಾವಾಹಿನಿಗಳು ಚಿತ್ರದ ಅಂಚಿನಲ್ಲಿ ತೋರಿಸುವ ವೇಳೆಯು ಕೇಂದ್ರದಲ್ಲಿಯೇ ಚಿತ್ರದೊಳಗೆ ಬರೆದದ್ದು. ಅದು ಚಿತ್ರದೊಡನೆಯೇ ತಡವಾಗಿ ಬರುತ್ತದೆ. ಗ್ರಾಹಕಯಂತ್ರದ ಗಡಿಯಾರವು ಕಾಲಕೋಷ್ಟಕವನ್ನು ಅವಲಂಬಿಸಿದೆ. ಕಾಲಕೋಷ್ಟಕವನ್ನು ಸಾಮಾನ್ಯವಾಗಿ ಹಲವು ವಾಹಿನಿಗಳನ್ನು ಒಟ್ಟುಗೂಡಿಸುವ ಕೊನೆಯ ಹಂತದ ಯಂತ್ರದಲ್ಲಿ ಸೇರಿಸುವುದರಿಂದ ಸಂಕೋಚನದ ವಿಳಂಬ ಅದಕ್ಕೆ ತಟ್ಟುವುದಿಲ್ಲ. ಹೀಗಾಗಿ ಎರಡೂ ಗಡಿಯಾರಗಳ ಮೂಲ ಸರಿಯಾಗಿದ್ದಾಗಲೂ, ಒಂದೇ ತೆರೆಯ ಮೇಲೆ ಅವು ಕೆಲವು ಸೆಕೆಂಡುಗಳ ಅಂತರವನ್ನು ತೋರಿಸುತ್ತವೆ.

4. ದೋಷದ ನಿಜವಾದ ಮೂಲಗಳು

ಕಾಲಕೋಷ್ಟಕದಲ್ಲಿ ಬರೆಯುವ ಹೊತ್ತನ್ನು ಒಟ್ಟುಗೂಡಿಸುವ ಯಂತ್ರವು ಎಲ್ಲಿಂದ ಪಡೆಯುತ್ತದೆ? ಜಿ.ಪಿ.ಎಸ್. ಉಪಗ್ರಹಗಳ ಮೂಲಕವೋ ಪ್ರಮಾಣ ಪ್ರಯೋಗಾಲಯದ ಅಂತರ್ಜಾಲ ಸೇವೆಯ ಮೂಲಕವೋ ಪಡೆದರೆ ದೋಷ ಸೆಕೆಂಡಿನ ಅಲ್ಪಭಾಗವನ್ನು ಮೀರದು. ಆದರೆ ಆ ಸಂಬಂಧ ಕಡಿದುಹೋದರೂ, ಮೊದಲಿನಿಂದಲೇ ಇಲ್ಲದಿದ್ದರೂ, ಯಂತ್ರವು ನಿಲ್ಲುವುದಿಲ್ಲ. ತನ್ನ ಒಳಗಿನ ಸ್ಫಟಿಕವನ್ನೇ ನಂಬಿ ನಡೆಯುತ್ತದೆ. ಸಾಮಾನ್ಯ ಕ್ವಾರ್ಟ್ಸ್ ಸ್ಫಟಿಕವು ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೆ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷಕ್ಕೂ ಮೀರಿದ ವ್ಯತ್ಯಾಸವಾಗುತ್ತದೆ. ಚಿತ್ರವೂ ಧ್ವನಿಯೂ ನಿರ್ದೋಷವಾಗಿ ಸಾಗುತ್ತಲೇ ಇರುವುದರಿಂದ ಕೇಂದ್ರದಲ್ಲಿದ್ದವರಿಗೆ ಇದು ತಿಳಿಯುವ ಸಂಭವವೂ ಕಡಿಮೆ.

ಎರಡನೆಯದು, ಮೂಲಗಳ ಬಾಹುಳ್ಯ. ಒಂದು ಉಪಗ್ರಹದಲ್ಲಿ ಅನೇಕ ಟ್ರಾನ್ಸ್‌ಪಾಂಡರುಗಳಿರುತ್ತವೆ. ಒಂದೊಂದರಲ್ಲಿಯೂ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಊರುಗಳಿಂದ ಕಳುಹಿಸುವ ಕಾಲಕೋಷ್ಟಕಗಳಿರಬಹುದು. ಗ್ರಾಹಕಯಂತ್ರವು ತಾನು ಆ ಕ್ಷಣದಲ್ಲಿ ಯಾವುದಕ್ಕೆ ಹೊಂದಿಕೊಂಡಿದೆಯೋ ಅದರ ಮಾತನ್ನೇ ಪ್ರಮಾಣವೆಂದು ಸ್ವೀಕರಿಸಿದರೆ, ವಾಹಿನಿ ಬದಲಾದಂತೆ ಹೊತ್ತೂ ಬದಲಾಗುತ್ತದೆ.

ಮೂರನೆಯದು, ಕಾಲಾಂತರದ ತಪ್ಪು. ವಿಶ್ವಕಾಲವನ್ನು ಬರೆಯಬೇಕಾದಲ್ಲಿ ಸ್ಥಳೀಯ ಕಾಲವನ್ನೇ ಬರೆದರೆ, ಗ್ರಾಹಕಯಂತ್ರವು ಅದಕ್ಕೆ ಮತ್ತೊಮ್ಮೆ ಐದೂವರೆ ಘಂಟೆಯನ್ನು ಕೂಡುತ್ತದೆ. ಬೇಸಗೆಯ ಕಾಲವನ್ನು ಪಾಲಿಸುವ ಯೂರೋಪಿನ ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಒಂದು ಘಂಟೆಯ ತಪ್ಪಿಗೆ ಅವಕಾಶವಿದೆ.

ನಾಲ್ಕನೆಯದು, ಗ್ರಾಹಕಯಂತ್ರದ್ದೇ ದೋಷ. ಕೆಲವು ಯಂತ್ರಗಳು ಚಾಲೂ ಮಾಡಿದಾಗ ಮಾತ್ರ ಕಾಲಕೋಷ್ಟಕವನ್ನು ಓದಿ, ಅನಂತರ ತಮ್ಮ ಸ್ಫಟಿಕವನ್ನೇ ನಂಬಿಕೊಂಡಿರುತ್ತವೆ.

ಹಾಗಾದರೆ ಈ ತಪ್ಪುಗಳನ್ನು ಪತ್ತೆಹಚ್ಚುವ ವ್ಯವಸ್ಥೆಯಿಲ್ಲವೆ ಎಂದು ಕೇಳಬಹುದು. ಪ್ರಸಾರದ ಗುಣವನ್ನು ಅಳೆಯುವುದಕ್ಕೆ ಡಿವಿಬಿಯವರೇ ರಚಿಸಿದ ಪರೀಕ್ಷಾಕ್ರಮದಲ್ಲಿ ಕಾಲಕೋಷ್ಟಕದ ಪರೀಕ್ಷೆಯೂ ಸೇರಿದೆ. ಕೋಷ್ಟಕವು 30 ಸೆಕೆಂಡಿಗಿಂತ ಹೆಚ್ಚು ಕಾಲ ಬಾರದಿದ್ದರೆ, ಅಥವಾ ಎರಡು ಕೋಷ್ಟಕಗಳು 25 ಮಿಲಿಸೆಕೆಂಡುಗಳೊಳಗೆ ಒಂದರ ಹಿಂದೊಂದು ಬಂದರೆ, ಅದನ್ನು ದೋಷವೆಂದು ಗಣಿಸಬೇಕು. ಈ ಪರೀಕ್ಷೆಯು ಕೋಷ್ಟಕ ಬಂತೆ ಎಂದು ಕೇಳುತ್ತದೆ. ಅದರಲ್ಲಿ ಬರೆದಿರುವುದು ನಿಜವೆ ಎಂದು ಕೇಳುವುದಿಲ್ಲ. ಹತ್ತು ನಿಮಿಷ ತಪ್ಪಾದ ಕೋಷ್ಟಕವು ಕ್ರಮವಾಗಿ ಬರುತ್ತಿದ್ದರೆ ಈ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗುತ್ತದೆ.

5. ದೋಷವನ್ನು ಗುರುತಿಸುವ ಕ್ರಮ

ಕಾಲೇಜಿನ ವಿದ್ಯಾರ್ಥಿಗಳು ಹೆಚ್ಚಿನ ಸಲಕರಣೆಯಿಲ್ಲದೆ ಈ ದೋಷಗಳನ್ನು ಬೇರ್ಪಡಿಸಿ ನೋಡಬಹುದು. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಭಾರತೀಯ ಪ್ರಮಾಣಕಾಲವನ್ನು ಪಾಲಿಸುವ ಸಂಸ್ಥೆ. ಅದರ ಅಂತರ್ಜಾಲ ಕಾಲಸೇವೆಗೆ ಹೊಂದಿಸಿದ ಗಣಕಯಂತ್ರವೊಂದನ್ನು ಗ್ರಾಹಕಯಂತ್ರದ ಪಕ್ಕದಲ್ಲಿಟ್ಟು, ಎರಡರ ಅಂಕೆಗಳೂ ಒಟ್ಟಿಗೆ ಕಾಣುವಂತೆ ಮೊಬೈಲ್ ಫೋನಿನಲ್ಲಿ ಚಲಚ್ಚಿತ್ರ ತೆಗೆಯಬೇಕು. ಸೆಕೆಂಡಿಗೆ 30 ಚೌಕಟ್ಟುಗಳಿರುವುದರಿಂದ, ನಿಮಿಷದ ಅಂಕೆ ಬದಲಾಗುವ ಕ್ಷಣವನ್ನು ಸೆಕೆಂಡಿನ ಮೂವತ್ತನೆಯ ಒಂದು ಭಾಗದವರೆಗೆ ಓದಬಹುದು. ಇದನ್ನು ಎರಡು ವಾರಗಳ ಕಾಲ ದಿನವೂ ನಿಯತವಾದ ಹೊತ್ತಿನಲ್ಲಿ, ಬೇರೆ ಬೇರೆ ಟ್ರಾನ್ಸ್‌ಪಾಂಡರುಗಳ ವಾಹಿನಿಗಳಲ್ಲಿ, ನಡೆಸಿ ವ್ಯತ್ಯಾಸಗಳ ಪಟ್ಟಿಯನ್ನೂ ನಕ್ಷೆಯನ್ನೂ ಬರೆಯಬೇಕು.

ನಕ್ಷೆಯ ಆಕಾರವೇ ಕಾರಣವನ್ನು ಹೇಳುತ್ತದೆ. ವ್ಯತ್ಯಾಸವು ಪೂರ್ಣ ಘಂಟೆ ಅಥವಾ ಅರ್ಧ ಘಂಟೆಗಳಲ್ಲಿದ್ದರೆ ಅದು ಕಾಲಾಂತರದ ತಪ್ಪು. ವಾಹಿನಿ ಬದಲಿಸಿದಾಗ ವೇಳೆ ಹಾರಿದರೆ ಅದು ಮೂಲಗಳ ಭೇದ. ದಿನದಿಂದ ದಿನಕ್ಕೆ ಸರಳರೇಖೆಯಂತೆ ಬೆಳೆಯುತ್ತ ಹೋದರೆ ಯಾವುದೋ ಒಂದು ಸ್ಫಟಿಕವು ತನ್ನಷ್ಟಕ್ಕೆ ನಡೆಯುತ್ತಿದೆಯೆಂದು ಅರ್ಥ. ಅದು ಕೇಂದ್ರದ್ದೊ ಮನೆಯದೊ ಎಂಬುದನ್ನು ತಿಳಿಯಲು ಬೇರೊಂದು ತಯಾರಿಕೆಯ ಯಂತ್ರವನ್ನು ಅದೇ ವಾಹಿನಿಗೆ ಹೊಂದಿಸಿ ನೋಡಬೇಕು. ಎರಡರಲ್ಲಿಯೂ ಒಂದೇ ದೋಷ ಬೆಳೆದರೆ ತಪ್ಪು ಕೇಂದ್ರದ್ದು. ಒಂದರಲ್ಲಿ ಮಾತ್ರವಾದರೆ ಆ ಯಂತ್ರದ್ದು. ಎಲ್ಲ ವಾಹಿನಿಗಳಲ್ಲಿಯೂ ಎಲ್ಲ ದಿನಗಳಲ್ಲಿಯೂ ಒಂದೆರಡು ಸೆಕೆಂಡಿನ ಸ್ಥಿರವಾದ ವ್ಯತ್ಯಾಸ ಉಳಿದರೆ, ಕೋಷ್ಟಕವನ್ನು ಓದಿ ತೋರಿಸುವುದರಲ್ಲಿ ಆಗುವ ತಡವೇ ಕಾರಣವೆಂದು ಊಹಿಸಬಹುದು.

6. ಪರಿಣಾಮಗಳು

ಒಂದೆರಡು ನಿಮಿಷದ ತಪ್ಪಿನಿಂದ ಏನು ಮಹಾ ನಷ್ಟವೆಂದು ಕೆಲವರು ಕೇಳಬಹುದು. ನಿಯಮಿತ ವೇಳೆಗೆ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವಂತೆ ಯಂತ್ರವನ್ನು ಏರ್ಪಡಿಸಿದಾಗ ಈ ನಷ್ಟ ನೇರವಾಗಿ ತಿಳಿಯುತ್ತದೆ: ನಾಟಕದ ಕೊನೆಯ ದೃಶ್ಯ ದೊರೆಯದೆ ಹೋಗುತ್ತದೆ. ಕಾರ್ಯಕ್ರಮಪಟ್ಟಿಯನ್ನೂ ಕಾಲಕೋಷ್ಟಕವನ್ನೂ ಒಂದೇ ತಪ್ಪು ಗಡಿಯಾರ ಹೊರಡಿಸುತ್ತಿದ್ದರೆ ಎರಡು ತಪ್ಪುಗಳೂ ಹೊಂದಿಕೊಂಡು ಮುದ್ರಣ ಸರಿಯಾಗಿಯೇ ನಡೆಯಬಹುದು. ಅಂಥ ಕಡೆ ಗಡಿಯಾರವನ್ನು ಮಾತ್ರ ಸರಿಪಡಿಸಿದರೆ ಮುದ್ರಣ ಕೆಡುತ್ತದೆ! ರಂಜಾನ್ ಉಪವಾಸವನ್ನು ಬಿಡುವ ಕ್ಷಣಕ್ಕಾಗಿ ತೆರೆಯ ಮೂಲೆಯನ್ನು ನೋಡುವ ಮನೆಯಲ್ಲಿ ಇದು ಇನ್ನಷ್ಟು ಗಂಭೀರವಾದ ಪ್ರಶ್ನೆಯಾಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗೆ ಇದರ ಬೆಲೆ ಇನ್ನೂ ಸ್ಪಷ್ಟವಾದುದು. ಚಂದ್ರನು ನಕ್ಷತ್ರವೊಂದನ್ನು ಮರೆಮಾಡುವ ಕ್ಷಣವನ್ನು ಗುರುತಿಸುತ್ತಿದ್ದೇವೆ ಎನ್ನೋಣ. ಚಂದ್ರನು ತನ್ನ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು ಚಲಿಸುತ್ತಾನೆ. ಗಡಿಯಾರ ಹತ್ತು ಸೆಕೆಂಡು ತಪ್ಪಿದರೆ ಚಂದ್ರನ ಸ್ಥಾನವನ್ನು ಹತ್ತು ಕಿಲೋಮೀಟರು ತಪ್ಪಾಗಿ ಬರೆದಂತಾಯಿತು. ನಕ್ಷತ್ರ ಮಧ್ಯಾಹ್ನರೇಖೆಯನ್ನು ದಾಟುವ ಹೊತ್ತಿನಿಂದ ಊರಿನ ರೇಖಾಂಶವನ್ನು ಅಳೆಯುವಾಗ ನಾಲ್ಕು ಸೆಕೆಂಡಿನ ತಪ್ಪು ಒಂದು ಕಲೆಯ ತಪ್ಪಿಗೆ ಸಮ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು ಸುಮಾರು 1.8 ಕಿಲೋಮೀಟರು.

ಉಪಗ್ರಹದಿಂದ ಬಂದ ಹೊತ್ತೆಲ್ಲವೂ ಅವಿಶ್ವಸನೀಯವೆಂದು ಇದರಿಂದ ತಿಳಿಯಬಾರದು. ಅಮೆರಿಕದ ಪ್ರಮಾಣ ಸಂಸ್ಥೆಯು 1974ರಿಂದ 2004ರ ಕೊನೆಯವರೆಗೆ ಗೋಸ್ ಎಂಬ ಹವಾಮಾನ ಉಪಗ್ರಹಗಳ ಮೂಲಕ ಕಾಲಸಂಕೇತವನ್ನು ಕಳುಹಿಸುತ್ತಿತ್ತು. ಅದರಲ್ಲಿ ಹೊತ್ತಿನ ಜೊತೆಗೆ ಉಪಗ್ರಹದ ಸ್ಥಾನವನ್ನೂ ತಿಳಿಸುತ್ತಿದ್ದುದರಿಂದ, ಪಡೆದವನು ವಿಳಂಬವನ್ನು ಲೆಕ್ಕಹಾಕಿ ಕಳೆಯಬಹುದಾಗಿತ್ತು. ನಮ್ಮ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಇನ್ಸಾಟ್ ಉಪಗ್ರಹದ ಮೂಲಕ ಇಂಥ ಸೇವೆಯನ್ನು ನಡೆಸಿದ್ದುಂಟು. ಕಾಲವನ್ನು ತಿಳಿಸುವುದೇ ಅವುಗಳ ಕೆಲಸವಾಗಿತ್ತು; ದೂರದರ್ಶನದ ಕಾಲಕೋಷ್ಟಕವಾದರೋ ಚಿತ್ರದ ಜೊತೆಗೆ ಪ್ರಾಸಂಗಿಕವಾಗಿ ಬರುವ ಒಂದು ಚೀಟಿ.

ಅಂತರ್ಜಾಲದ ಗಣಕಯಂತ್ರಗಳು ವೇಳೆಯನ್ನು ಹಂಚಿಕೊಳ್ಳುವ, 1985ರಲ್ಲಿ ಮೊದಲು ಪ್ರಕಟವಾದ ಎನ್‌ಟಿಪಿ ನಿಯಮಾವಳಿಯೊಡನೆ ಇದನ್ನು ಹೋಲಿಸಿದರೆ ಕೊರತೆಯ ಸ್ವರೂಪ ತಿಳಿಯುತ್ತದೆ. ಎನ್‌ಟಿಪಿಯ ಒಂದೊಂದು ಸಂದೇಶದಲ್ಲಿಯೂ ಹೊತ್ತಿನ ಜೊತೆಗೆ, ಮೂಲ ಗಡಿಯಾರದಿಂದ ಈ ಯಂತ್ರ ಎಷ್ಟನೆಯ ಮೆಟ್ಟಿಲಲ್ಲಿದೆ, ದೋಷ ಎಷ್ಟಿರಬಹುದು ಎಂಬ ವಿವರಗಳಿರುತ್ತವೆ. ‘ನನ್ನ ಗಡಿಯಾರ ಹೊಂದಿಕೆಯಾಗಿಲ್ಲ’ ಎಂದು ಹೇಳುವುದಕ್ಕೆ ಪ್ರತ್ಯೇಕವಾದ ಗುರುತೂ ಇದೆ. ದೂರದರ್ಶನದ ಕಾಲಕೋಷ್ಟಕದ ಎಂಟು ಬೈಟುಗಳಲ್ಲಿ ಇದಕ್ಕೆ ಸ್ಥಳವಿಲ್ಲ. ಅದು ತಿಳಿದಾಗಲೂ ತಿಳಿಯದಿದ್ದಾಗಲೂ ಒಂದೇ ದೃಢತೆಯಿಂದ ಹೊತ್ತನ್ನು ಹೇಳುತ್ತದೆ. ಪ್ರಸಾರಕೇಂದ್ರದವರು ಒಟ್ಟುಗೂಡಿಸುವ ಯಂತ್ರವನ್ನು ಪ್ರಮಾಣಕಾಲಕ್ಕೆ ಹೊಂದಿಸಿ, ಹೊರಟ ಕೋಷ್ಟಕವನ್ನು ಸ್ವತಂತ್ರವಾದ ಗಡಿಯಾರದೊಡನೆ ಹೋಲಿಸುತ್ತಿದ್ದರೆ ದೋಷದ ಬಹುಭಾಗ ತೊಲಗುವುದು. ಲಿನಕ್ಸ್ ಆಧಾರಿತವಾದ ಕೆಲವು ಗ್ರಾಹಕಯಂತ್ರಗಳಲ್ಲಿ ಟ್ರಾನ್ಸ್‌ಪಾಂಡರಿನ ಕಾಲವನ್ನು ಬಿಟ್ಟು ಅಂತರ್ಜಾಲದ ಕಾಲವನ್ನು ಆರಿಸಿಕೊಳ್ಳುವ ಅವಕಾಶ ಈಗಾಗಲೇ ಇದೆ.

ಅಳತೆಯೊಂದನ್ನು ಬರೆಯುವಾಗ ಅದರ ಮೂಲವನ್ನೂ ಅದು ತಪ್ಪಿರಬಹುದಾದ ಮಿತಿಯನ್ನೂ ಜೊತೆಗೆ ಬರೆಯಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. ಆ ಪಾಠಕ್ಕೆ ಈ ಪೆಟ್ಟಿಗೆಗಿಂತ ಸುಲಭವಾಗಿ ದೊರೆಯುವ ಉದಾಹರಣೆ ಬೇರೆ ಬೇಕಾಗಿಲ್ಲ. ಮೇಲೆ ಹೇಳಿದ ಪರೀಕ್ಷೆಯನ್ನು ಪ್ರಥಮ ವರ್ಷದ ವಿದ್ಯಾರ್ಥಿಗಳ ಪ್ರಯೋಗಗಳಲ್ಲಿ ಸೇರಿಸಿಕೊಂಡರೆ, ನಡಿಗೆಗೂ ಹೊತ್ತಿಗೂ ಇರುವ ಭೇದವನ್ನು ಅವರು ತಮ್ಮ ಮನೆಯ ವಸ್ತುವಿನಲ್ಲಿಯೇ ಕಂಡುಕೊಳ್ಳುವರು.